ನೆರೆಯ ನುಡಿ, ಮನೆಯ ಮಾತು



ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯವರು ನೀವಾದರೆ ವೇದಾವತಿ ನಿಮಗೆ ಹೊಸದಲ್ಲ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ಈ ನದಿ ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಸೀಮೆಗಳನ್ನು ಹಾದು ಆಂಧ್ರಪ್ರದೇಶಕ್ಕೆ ಹೋಗುತ್ತದೆ. ಮತ್ತೆ ಬಳ್ಳಾರಿಯತ್ತ ತಿರುಗಿ, ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಕನ್ನಡಿಗರಿಗೂ ತೆಲುಗರಿಗೂ ಇರುವ ನಂಟು ಇಂಥದೇ. ಅದು ಹೋಗಿ ಬರುವ ನಂಟು.

ಎರಡು ಭಾಷೆಗಳ ಲಿಪಿಗಳಿಗೂ ಮೂಲ ಒಂದೇ. ಪಂಪನ ತಮ್ಮ ಜಿನವಲ್ಲಭನು 10ನೆಯ ಶತಮಾನದಲ್ಲಿ ಇಂದಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಕನ್ನಡ ನಾಡಿನ ಬಸವಣ್ಣನವರ ಕಥೆಯನ್ನು ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಹಾಡಿದ. ಅದನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ. ನಮ್ಮ ಕಥೆ ನೆರೆಮನೆಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಮನೆಗೆ ಬಂದಿತು.

ಆದರೆ ಗಡಿ ಎಳೆಯುವಾಗ ಇಷ್ಟು ಸುಲಭವಿರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಮದರಾಸು ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ಅಂದು ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಬಂದವು. ಗೆರೆ ಎಲ್ಲಿ ಬಿದ್ದರೂ ಎರಡೂ ಕಡೆ ಎರಡೂ ಮಾತಿನವರು ಉಳಿದೇ ಉಳಿದರು. ಮನೆಯಲ್ಲಿ ಕನ್ನಡ ಆಡಿ ತೆಲುಗು ಶಾಲೆಗೆ ಹೋಗುವ ಮಕ್ಕಳು ಅಲ್ಲಿದ್ದಾರೆ. ತೆಲುಗು ಆಡಿ ಕನ್ನಡ ಶಾಲೆಗೆ ಬರುವವರು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿದ್ದಾರೆ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಯೂರೋಪಿನಲ್ಲಿ, 1726ರ ಸುಮಾರಿಗೆ, ಅಲ್ಬೇನಿಯನ್ ಕುಟುಂಬಗಳು ಇಂದಿನ ಕ್ರೊಯೇಷಿಯಾದ ಜಾದರ್ ಪಟ್ಟಣದ ಬಳಿ ಬಂದು ನೆಲೆಸಿದವು. ಆ ಬಡಾವಣೆಗೆ ಇಂದಿಗೂ ಅರ್ಬಾನಾಸಿ ಎಂದೇ ಹೆಸರು. ಅವರು ಕ್ರೊಯೇಷಿಯನ್ನರೊಡನೆ ಬೆರೆತು ಬಾಳಿದರು. ಆದರೆ ತಂದ ಮಾತನ್ನು ಆಡುವವರು ಈಗ ಬಹಳ ಕಡಿಮೆ, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಯಾರೂ ಆ ಮಾತನ್ನು ಬಲವಂತದಿಂದ ಬಿಡಿಸಬೇಕಾಗಿಲ್ಲ. ಮಕ್ಕಳು ಮರುಮಾತನ್ನು ಬೇರೆ ಭಾಷೆಯಲ್ಲಿ ಹೇಳತೊಡಗಿದರೆ ಸಾಕು.

ಕನ್ನಡವನ್ನು ಚೆನ್ನಾಗಿ ಕಲಿಯಿರಿ. ಅದು ನಮ್ಮೆಲ್ಲರನ್ನೂ ಕೂಡಿಸುವ ಮಾತು. ಮನೆಮಾತು ತಮಿಳಾಗಿದ್ದ ಮಾಸ್ತಿ, ಮರಾಠಿಯಾಗಿದ್ದ ಬೇಂದ್ರೆ ಕನ್ನಡವನ್ನು ಬೆಳೆಸಿದವರೇ ಅಲ್ಲವೇ? ಹಾಗೆಂದು ಮನೆಯ ಮಾತಿಗೆ ನಾಚಬೇಡಿ. ಬೆಂಚಿನಲ್ಲಿ ಪಕ್ಕ ಕುಳಿತವನ ಮಾತು ಕೇಳಿ ನಗಲೂಬೇಡಿ.

ಇಂದು ಸಂಜೆ ಮನೆಯಲ್ಲಿ ಅಜ್ಜಿಯ ಪಕ್ಕ ಕುಳಿತು ಕೇಳಿ: "ಅಜ್ಜೀ, ನೀನು ಚಿಕ್ಕವಳಿದ್ದಾಗ ಮನೆಯಲ್ಲಿ ಏನು ಮಾತಾಡುತ್ತಿದ್ದಿರಿ?" ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಠ್ಯಪುಸ್ತಕದಲ್ಲಿ ಸಿಗದ ಇತಿಹಾಸದ ಒಂದು ಪುಟ ನಿಮ್ಮ ಕೈಯಲ್ಲೇ ಉಳಿಯುತ್ತದೆ.