ಎರಡು ಕಾವ್ಯ, ಒಬ್ಬರೇ ಪ್ರಭುಗಳು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)

 

ಇವತ್ತು ನನಗೆ ಕೊಟ್ಟಿರುವ ವಿಷಯ ಕಾಲೇಜಿನ ತರಗತಿಗೆ ಸೇರಿದ್ದು. ಎರಡು ಕೃತಿಗಳನ್ನು ಓದಿ, ಹೋಲಿಸಿ, ನಿಮ್ಮ ಪ್ರತಿಕ್ರಿಯೆ ಬರೆಯಿರಿ ಎಂದು ಅಧ್ಯಾಪಕರು ಹೇಳುತ್ತಾರಲ್ಲ, ಅದನ್ನು ಬರೆಯುವುದು ಹೇಗೆ ಎಂಬುದು. ಇದಕ್ಕೂ ಮಠದ ಗೋಷ್ಠಿಗೂ ಏನು ಸಂಬಂಧ ಎಂದು ಹಿರಿಯರು ಕೇಳಬಹುದು. ಸಂಬಂಧ ಇದೆ. ನಮ್ಮ ಶರಣರ ಚರಿತ್ರೆಯೇ ಒಂದಕ್ಕಿಂತ ಹೆಚ್ಚು ಕೃತಿಗಳಲ್ಲಿ, ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ನಮಗೆ ಸಿಕ್ಕಿದೆ. ಎರಡನ್ನು ಒಟ್ಟಿಗೆ ಇಟ್ಟುಕೊಂಡು ಓದಲು ಬಾರದವನು ಶರಣರನ್ನೂ ಸರಿಯಾಗಿ ಓದಲಾರ.

ಉದಾಹರಣೆಗೆ ಅಲ್ಲಮಪ್ರಭುಗಳನ್ನೇ ತೆಗೆದುಕೊಳ್ಳೋಣ. ಹರಿಹರ ಮಹಾಕವಿಯ 'ಪ್ರಭುದೇವರ ರಗಳೆ' ಒಂದು. ಅದಾದ ಸುಮಾರು ಇನ್ನೂರು ವರ್ಷಗಳ ನಂತರ, 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸ ಭಾಮಿನಿ ಷಟ್ಪದಿಯಲ್ಲಿ ಬರೆದ 'ಪ್ರಭುಲಿಂಗಲೀಲೆ' ಇನ್ನೊಂದು. ಹರಿಹರನಲ್ಲಿ ಪ್ರಭುಗಳು ಕಮಲತೆ ಎಂಬ ಹೆಣ್ಣನ್ನು ಮನಸಾರೆ ಒಲಿಯುತ್ತಾರೆ. ಆಕೆ ಜ್ವರ ಬಂದು ತೀರಿಕೊಳ್ಳುತ್ತಾಳೆ. ಆ ದುಃಖದಲ್ಲಿ ದಿಕ್ಕೆಟ್ಟು ಅಲೆಯುವಾಗ ನೆಲದೊಳಗೆ ಹೂತುಹೋದ ಗುಡಿಯ ಕಳಸ ಕಣ್ಣಿಗೆ ಬೀಳುತ್ತದೆ. ಅಗೆಸಿ ಒಳಹೊಕ್ಕರೆ ಅಲ್ಲಿ ಅನಿಮಿಷಯ್ಯ. ಅವರ ಕೈಯಲ್ಲಿದ್ದ ಲಿಂಗ ಪ್ರಭುಗಳ ಕೈಗೆ ಬರುತ್ತದೆ. ಚಾಮರಸನಲ್ಲಿ ಕಮಲತೆಯೇ ಇಲ್ಲ. ಆ ಜಾಗದಲ್ಲಿ ಮಾಯೆ ಇದ್ದಾಳೆ. ಪ್ರಭುಗಳನ್ನು ಗೆಲ್ಲಲು ಬನವಸೆಯಲ್ಲಿ ರಾಜಕುಮಾರಿಯಾಗಿ ಹುಟ್ಟಿ ಬಂದವಳು ಅವಳು. ಪ್ರಭುಗಳು ಅವಳ ಕೈಗೆ ಸಿಗುವುದಿಲ್ಲ, ಸೋಲುವವಳು ಅವಳೇ. ನೆಲದಡಿಯ ಗುಡಿಯಲ್ಲಿ ಅನಿಮಿಷರನ್ನು ಕಾಣುವ ಪ್ರಸಂಗ ಮಾತ್ರ ಇಲ್ಲಿಯೂ ಉಂಟು.

ಈ ಎರಡರ ಮೇಲೆ ಪ್ರತಿಕ್ರಿಯೆ ಬರೆಯಲು ಹೇಳಿದರೆ ನಮ್ಮ ಮಕ್ಕಳು ಸಾಮಾನ್ಯವಾಗಿ ಏನು ಬರೆಯುತ್ತಾರೆ? ಮೊದಲ ಪುಟದಲ್ಲಿ ಹರಿಹರನ ಕತೆ, ಎರಡನೆಯ ಪುಟದಲ್ಲಿ ಚಾಮರಸನ ಕತೆ, ಕೊನೆಗೆ "ಎರಡೂ ಕೃತಿಗಳು ಕನ್ನಡದ ಹೆಮ್ಮೆ" ಎಂಬ ಒಂದು ವಾಕ್ಯ. ಅದರಲ್ಲಿ ಕತೆ ಇದೆ, ಹೊಗಳಿಕೆ ಇದೆ. ಹೋಲಿಕೆ ಇಲ್ಲ, ಓದಿದವನೂ ಇಲ್ಲ. ಇನ್ನು ಕೆಲವರು ಗೈಡಿನಿಂದಲೋ ಮೊಬೈಲಿನಿಂದಲೋ ಇಳಿಸಿಕೊಂಡು ಬರುತ್ತಾರೆ. ಮಕ್ಕಳೇ, ಕಾಯಕವನ್ನು ಬೇರೆಯವರ ಕೈಯಲ್ಲಿ ಮಾಡಿಸಿ ನಮ್ಮ ಹೆಸರಿಗೆ ಬರೆದುಕೊಳ್ಳುವುದನ್ನು ಶರಣರು ಒಪ್ಪಿದವರಲ್ಲ. ಅಂಕ ಬರಬಹುದು, ಓದು ಬರುವುದಿಲ್ಲ.

ಹಾಗಾದರೆ ಬರೆಯುವುದು ಹೇಗೆ? ಮೊದಲು ಒಂದೊಂದು ಕೃತಿಯನ್ನೂ ಅದರ ಪಾಡಿಗೆ ಅದನ್ನು ಬಿಟ್ಟು ಓದಿ. ಹರಿಹರನನ್ನು ಓದುವಾಗ ಚಾಮರಸ ನಡುವೆ ಬಾಯಿ ಹಾಕಬಾರದು. ಓದಿ ಮುಗಿಸಿ, ಪುಸ್ತಕ ಮುಚ್ಚಿ, ಕತೆಯನ್ನು ಐದಾರು ಸಾಲಿನಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಅವು ಎಲ್ಲಿ ಕೂಡುತ್ತವೆ, ಎಲ್ಲಿ ಕವಲೊಡೆಯುತ್ತವೆ ನೋಡಿ. ಕವಲುಗಳು ಹತ್ತು ಸಿಗಬಹುದು. ಒಂದನ್ನು ಮಾತ್ರ ಹಿಡಿಯಿರಿ. ಎರಡು ಪುಟದ ಬರಹ ಹತ್ತು ವ್ಯತ್ಯಾಸಗಳ ಭಾರ ಹೊರಲಾರದು.

ಹಿಡಿದ ಆ ಒಂದು ವ್ಯತ್ಯಾಸಕ್ಕೆ ಎರಡು ಮಾತು ಸೇರಿಸಬೇಕು. ಒಂದು 'ಆದರೆ', ಇನ್ನೊಂದು 'ಏಕೆಂದರೆ'. ಹರಿಹರನಲ್ಲಿ ಹೀಗಿದೆ, ಆದರೆ ಚಾಮರಸನಲ್ಲಿ ಹಾಗಿದೆ ಎನ್ನುವುದು ಪಟ್ಟಿ. 'ಏಕೆಂದರೆ' ಬಂದಾಗ ಅದು ವಿಚಾರವಾಗುತ್ತದೆ. ಆ 'ಏಕೆಂದರೆ'ಗೆ ಆಧಾರ ಕೃತಿಯ ಒಳಗಿನಿಂದಲೇ ಬರಬೇಕು. ಚಾಮರಸ ಇಟ್ಟ ಹೆಸರುಗಳನ್ನೇ ನೋಡಿ. ಪ್ರಭುಗಳ ತಂದೆ ತಾಯಿ ನಿರಹಂಕಾರ ಮತ್ತು ಸುಜ್ಞಾನಿ. ಮಾಯೆಯ ತಂದೆ ತಾಯಿ ಮಮಕಾರ ಮತ್ತು ಮೋಹಿನಿ. ಇವು ಊರಿನಲ್ಲಿ ಕೂಗಿ ಕರೆಯುವ ಹೆಸರುಗಳಲ್ಲ, ತತ್ತ್ವದ ಹೆಸರುಗಳು. ಪ್ರಭುಗಳನ್ನು ಪರವಸ್ತುವೆಂದೇ ಕಂಡ ಕವಿ ಅವರನ್ನು ಮೋಹದಲ್ಲಿ ಬೀಳಿಸುವುದಾದರೂ ಹೇಗೆ? ಕೃತಿಯ ಹೆಸರಿನಲ್ಲೇ 'ಲೀಲೆ' ಇದೆ. ಇಷ್ಟನ್ನು ಗಮನಿಸಿದ ವಿದ್ಯಾರ್ಥಿಗೆ ಆಧಾರವೊಂದು ಕೈಗೆ ಸಿಕ್ಕಿತು.

ಅಷ್ಟಕ್ಕೇ ನಿಲ್ಲಬೇಡಿ. ನಿಮ್ಮ ಮಾತಿಗೆ ಎದುರಾಗುವುದು ಏನಿದೆ ಎಂದೂ ಹುಡುಕಿ. ಹರಿಹರನದು ಮನುಷ್ಯನ ಕತೆ, ಚಾಮರಸನದು ದೇವರ ಕತೆ ಎಂದು ಗೆರೆ ಎಳೆದುಬಿಡುವುದು ಸುಲಭ. ಆದರೆ ಹರಿಹರನೂ ಕತೆಯನ್ನು ಕೈಲಾಸದಿಂದಲೇ ಆರಂಭಿಸುತ್ತಾನೆ. ಅವನ ಪ್ರಭುಗಳೂ ಅಲ್ಲಿಂದ ಇಳಿದು ಬಂದವರೇ. ಈ ಸಂಗತಿಯನ್ನು ಮುಚ್ಚಿಟ್ಟು ಬರೆದರೆ ಬರಹ ಅಚ್ಚುಕಟ್ಟಾಗಿ ಕಾಣಬಹುದು, ಸತ್ಯವಾಗುವುದಿಲ್ಲ. ಸೇರಿಸಿಕೊಂಡು ಬರೆದರೆ ವಾದ ಇನ್ನೂ ಗಟ್ಟಿಯಾಗುತ್ತದೆ.

ಒಬ್ಬ ವಿದ್ಯಾರ್ಥಿನಿ ಬರೆಯಬಹುದಾದ ಮಾತನ್ನು ಹೇಳುತ್ತೇನೆ, ಕೇಳಿ: "ಅನಿಮಿಷರ ಗುಡಿ ಎರಡು ಕಾವ್ಯಗಳಲ್ಲೂ ಇದೆ. ಆದರೆ ಆ ಗುಡಿಗೆ ಹೋಗುವ ದಾರಿ ಬೇರೆ. ಹರಿಹರನ ಪ್ರಭುಗಳು ಎಲ್ಲವನ್ನೂ ಕಳೆದುಕೊಂಡು ಅಲ್ಲಿಗೆ ಬರುತ್ತಾರೆ. ಚಾಮರಸನ ಪ್ರಭುಗಳಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಮೊದಲನೆಯದರಲ್ಲಿ ದುಃಖವೇ ದಾರಿ ತೋರಿಸುತ್ತದೆ. ಎರಡನೆಯದರಲ್ಲಿ ದುಃಖಕ್ಕೆ ಅವರ ಬಳಿ ಸುಳಿಯಲೂ ಆಗುವುದಿಲ್ಲ. ಚಾಮರಸನನ್ನು ಓದಿದಾಗ ನನಗೆ ಪ್ರಭುಗಳ ಎತ್ತರ ಕಂಡಿತು. ಹರಿಹರನನ್ನು ಓದಿದಾಗ ಆ ಎತ್ತರಕ್ಕೆ ನಮ್ಮಂಥವರ ಅಂಗಳದಿಂದಲೂ ಮೆಟ್ಟಿಲು ಇದೆ ಎನಿಸಿತು." ಇಷ್ಟೇ. ದೊಡ್ಡ ಪದ ಒಂದೂ ಇಲ್ಲ. ಆದರೆ ಎರಡೂ ಕೃತಿ ಇವೆ, ಅವುಗಳ ನಡುವೆ ಒಂದು ವಿಚಾರ ಇದೆ, ಓದಿದ ಹುಡುಗಿಯೂ ಇದ್ದಾಳೆ. ಪ್ರತಿಕ್ರಿಯೆ ಎಂದರೆ ಇದು.

ಈಗ ಹಿರಿಯರಿಗೆ ಒಂದು ಮಾತು. ಭಕ್ತರ ಮನೆಯ ಮಗುವಿಗೆ ಈ ಬರಹದಲ್ಲಿ ಒಂದು ಅಳುಕು ಇರುತ್ತದೆ. ಪ್ರಭುಗಳು ಹೆಣ್ಣೊಬ್ಬಳಿಗಾಗಿ ಅತ್ತರು ಎಂದು ಬರೆದರೆ ಅಪ್ಪ ಏನೆಂದಾರು, ಅಜ್ಜಿ ಏನೆಂದಾರು ಎಂಬ ಅಳುಕು. ನಮ್ಮಲ್ಲಿ ಕೆಲವರು ಹರಿಹರನ ಕತೆ ಪ್ರಭುಗಳಿಗೆ ಅವಮಾನ ಎನ್ನುತ್ತಾರೆ. ಇನ್ನು ಕೆಲವರು ಚಾಮರಸನದು ಬರಿಯ ಪುರಾಣ ಎಂದು ತಳ್ಳಿಹಾಕುತ್ತಾರೆ. ಇಬ್ಬರೂ ಓದುವ ಮೊದಲೇ ತೀರ್ಪು ಕೊಟ್ಟವರು. ಹರಿಹರನೂ ಭಕ್ತ, ಚಾಮರಸನೂ ಭಕ್ತ. ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡ ಮಗು ಯಾರಿಗೂ ಅವಮಾನ ಮಾಡಿಲ್ಲ. ತುಲನೆ ಎಂಬ ಮಾತು ತಕ್ಕಡಿಯಿಂದ ಬಂದದ್ದು ನಿಜ. ತಕ್ಕಡಿ ಹಿಡಿದವನ ಧರ್ಮ ತಟ್ಟೆಯ ಮೇಲೆ ಬೆರಳು ಇಡದಿರುವುದು.

ಇದು ನಮ್ಮ ಪರಂಪರೆಗೆ ಹೊಸದೂ ಅಲ್ಲ. ಶೂನ್ಯಸಂಪಾದನೆಯನ್ನೇ ನೋಡಿ. ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಪಾದಿಸಿದರು. ಅದರ ನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಮತ್ತೆ ಸಂಪಾದಿಸಿದರು. ಸಿದ್ಧರಾಮರ ಇಷ್ಟಲಿಂಗ ದೀಕ್ಷೆಯ ವಿಷಯದಲ್ಲಿ ಇವೆಲ್ಲ ಒಂದೇ ದಾರಿ ಹಿಡಿದಿಲ್ಲ. ಹಿಂದಿನವರನ್ನು ಗೌರವದಿಂದ ಓದಿ, ತಮಗೆ ಕಂಡದ್ದನ್ನು ಹೇಳಿದರು. ಹಿಂದಿನ ಸಂಪಾದನೆಯನ್ನು ಯಾರೂ ಸುಡಲಿಲ್ಲ; ನಾಲ್ಕೂ ನಮಗೆ ಉಳಿದಿವೆ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಅವರ ಕಾಯಕದ ಹಿಂದೆ ಇದ್ದದ್ದೂ ಒಂದು ಪ್ರತಿಯ ಪಕ್ಕ ಇನ್ನೊಂದು ಪ್ರತಿ ಇಟ್ಟು ನೋಡುವ ತಾಳ್ಮೆಯೇ. ಇಂದು ಸಮಗ್ರ ವಚನ ಸಂಪುಟದ 15 ಸಂಪುಟಗಳು ನಮ್ಮ ಗ್ರಂಥಾಲಯಗಳಲ್ಲಿ ಇವೆ. ಆ ಕಷ್ಟ ಪಟ್ಟವರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಅವನ್ನು ತೆರೆದು ಓದುವುದು.

ಮುಂದಿನ ಗೋಷ್ಠಿಗೆ ನಿಮಗೊಂದು ಕೆಲಸ ಕೊಡುತ್ತೇನೆ. ಅಕ್ಕಮಹಾದೇವಿ ಕೌಶಿಕನನ್ನು ಮದುವೆಯಾದಳು ಎನ್ನುತ್ತಾನೆ ಹರಿಹರ. ಆಗಲಿಲ್ಲ ಎನ್ನುತ್ತಾನೆ ಚಾಮರಸ. ಯಾರು ಸರಿ ಎಂದು ಮೊದಲೇ ಜಗಳಕ್ಕೆ ನಿಲ್ಲಬೇಡಿ. ಕೊಟ್ಟ ಮಾತು ಮುರಿದ ಗಂಡನನ್ನು ಬಿಟ್ಟು ಹೊರಟ ಹೆಣ್ಣಿನ ಧೈರ್ಯ ಎಂಥದು, ಮದುವೆಯನ್ನೇ ನಿರಾಕರಿಸಿ ಹೊರಟ ಹೆಣ್ಣಿನ ಧೈರ್ಯ ಎಂಥದು ಎಂದು ಎರಡೂ ಕಾವ್ಯಗಳನ್ನು ಕೇಳಿ. ಆಮೇಲೆ ಅಕ್ಕನ ವಚನಗಳನ್ನು ಓದಿ. ಎರಡು ಪುಟ ಬರೆದು ತನ್ನಿ. ಇಲ್ಲಿ ಎಲ್ಲರೆದುರು ಓದಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪ್ರಶ್ನಿಸಲಿ. ಓದಿದ್ದನ್ನು ಹಂಚಿಕೊಂಡರೆ ಅದೂ ದಾಸೋಹವೇ. ತಾಯಂದಿರು, ಹಿರಿಯರು ಕೂತು ಕೇಳಿರಿ, ನಡುವೆ ತಡೆಯಬೇಡಿ.

ನಿಮ್ಮ ಬರಹಗಳನ್ನು ಕೇಳಲು ನಾನೂ ಬರುತ್ತೇನೆ.