ಎಂಟುನೂರು ರೂಪಾಯಿಯ ಲೆಕ್ಕ
(ಎಮ್ಮಿಗನೂರಿನ ಸಭೆಯಲ್ಲಿ ಆಡಿದ ಮಾತು)



ನಮ್ಮ ಕೇರಿಯ ಗೆಳೆಯನೊಬ್ಬ 2023ರಲ್ಲಿ ಬಿ.ಎ. ಮುಗಿಸಿದ. ಹುಟ್ಟಿದಾಗಿನಿಂದ ಒಂದು ಕಾಲಿಗೆ ಬಲವಿಲ್ಲ. ಅಂಗವಿಕಲರ ಮಾಸಾಶನ ತಿಂಗಳಿಗೆ 800 ರೂಪಾಯಿ. ಅವ್ವ ಭತ್ತದ ನಾಟಿಗೆ ಹೋಗ್ತಾಳೆ. ನೌಕರಿ ಸಿಗಲಿಲ್ಲ. ಯುವನಿಧಿಗೆ ಅರ್ಜಿ ಹಾಕೋಣ ಅಂತ ನಾವು ನಾಲ್ಕು ಜನ ಅವನ ಜೊತೆ ಹೋದೆವು. ಕಚೇರಿಯೊಂದರಲ್ಲಿ ಕಾಗದ ನೋಡಿದವರು, "ಇದು ಬಂತಂದ್ರ ಅದು ಹೋಗ್ತದ, ವಿಚಾರ ಮಾಡ್ರಿ" ಅಂದರು. ಯಾವ ಆದೇಶ ಸಾರ್ ಅಂದರೆ ಉತ್ತರವಿಲ್ಲ. ಅವ್ವ ಹೆದರಿದಳು. ಬರೋ ಮೂರು ಸಾವಿರಕ್ಕಿಂತ ಕೈಗೆ ಬರ್ತಿರೋ ಎಂಟುನೂರೇ ದೊಡ್ಡದು ಅಂದಳು. ಅರ್ಜಿ ಮಡಿಚಿಕೊಂಡು ವಾಪಸ್ ಬಂದೆವು.

ದಡ್ಡತನ ಅಂತ ನಗಬೇಡಿ. ಮಾಸಾಶನಕ್ಕೆ ಕುಟುಂಬದ ವರ್ಷದ ಆದಾಯ 32 ಸಾವಿರ ದಾಟಬಾರದು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಯಾದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3000, ವರ್ಷಕ್ಕೆ 36 ಸಾವಿರ. ಯಾರೋ ಒಬ್ಬ ಅದನ್ನು ಆದಾಯ ಅಂತ ಬರೆದರೆ ಮುಗೀತು. ಯುವನಿಧಿಯ ಆಯುಷ್ಯವೋ ಹೆಚ್ಚೆಂದರೆ ಎರಡು ವರ್ಷ. ಕಾಲಿನ ನೋವು ಎರಡು ವರ್ಷದ್ದಲ್ಲ.

ಇವು ಎರಡು ಬೇರೆ ಬೇರೆ ಬಾಕಿ. ನಾವು ನಡೆದು ಹೋಗುವ ಕಡೆ ಅವನು ಆಟೋಕ್ಕೆ ಕೊಡಬೇಕು. ಕಂಪ್ಲಿಗೆ ಹೋಗಬೇಕಾದರೆ ಜೊತೆಗೊಬ್ಬರು, ಆ ಒಬ್ಬರ ಅವತ್ತಿನ ಕೂಲಿ ಖೋತಾ. ಮಾಸಾಶನ ಅದಕ್ಕೆ. ಭತ್ಯೆ ಕೆಲಸ ಕೊಡದೆ ಇದ್ದದ್ದಕ್ಕೆ. ಒಂದನ್ನು ಕೊಟ್ಟು ಇನ್ನೊಂದನ್ನು ಹೊಡೆದುಹಾಕುವುದು ಸಾಹುಕಾರನ ಖಾತೆ ಪುಸ್ತಕದ ಬುದ್ಧಿ. ನಮ್ಮನ್ನು ಆಳಿ ಹೋದ ಬ್ರಿಟನ್ನಿನಲ್ಲೇ ಅಂಗವಿಕಲರಿಗೆ ಕೊಡುವ 'ಪಿಪ್' ಹಣವನ್ನು, ಬಡವರ, ನಿರುದ್ಯೋಗಿಗಳ ನೆರವು ಲೆಕ್ಕ ಹಾಕುವಾಗ ಆದಾಯ ಅಂತ ಹಿಡಿಯುವುದಿಲ್ಲ.

ನಮ್ಮ ಕಾಯ್ದೆಯೂ ಬಾಯಿ ಸತ್ತದ್ದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಓದಿ. ಅಲ್ಲಿ ಮಾಸಾಶನ ಒಂದು ಸಾಲು; ವಿಶೇಷ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ ಎರಡು ವರ್ಷ ದಾಟಿದರೂ ಕೆಲಸ ಸಿಗದವರಿಗೆ ನಿರುದ್ಯೋಗ ಭತ್ಯೆ ಇನ್ನೊಂದು ಸಾಲು. ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿದ್ದಾರೆ. ಇತರರಿಗೆ ಇರುವಂಥದೇ ಯೋಜನೆಯಾದರೆ ಅಂಗವಿಕಲರಿಗೆ ಕನಿಷ್ಠ ಶೇ. 25 ಹೆಚ್ಚು ಕೊಡಬೇಕು ಅಂತಲೂ ಇದೆ. ಹಾಗಾದರೆ 3000 ಅಲ್ಲ, 3750 ಯಾಕಾಗಬಾರದು? ನಾವು ಹೆದರಿ ಮಡಿಚಿಟ್ಟದ್ದು ಇಂಥ ಅರ್ಜಿಯನ್ನು!

ಈ ವರ್ಷ ಕೊನೆಯ ಪರೀಕ್ಷೆ ಬರೆಯುವ ಅಂಗವಿಕಲ ಗೆಳೆಯರು ನಿಮ್ಮ ಹಾಸ್ಟೆಲ್ಲಿನಲ್ಲಿದ್ದರೆ ಹೇಳಿ. "ಹೋಗ್ತದ" ಅಂದವರ ಹತ್ತಿರ ಜಗಳ ಬೇಡ, ಆದೇಶದ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಸಭೆ ಮುಗಿದ ಮೇಲೆ ನಾವು ಇಲ್ಲೇ ಕೂತಿರ್ತೀವಿ, ಅರ್ಜಿ ಬರೆದುಕೊಡ್ತೀವಿ.