ವಿಮೋಚನೆಯ ಬೆಲೆ

(ಶತಮಾನೋತ್ಸವದ ಸಿದ್ಧತೆಯ ಪ್ರಾರ್ಥನಾಕೂಟದಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷಗಳಿಂದ ಈ ದೇವಾಲಯದ ಶಿಲುಬೆಯ ಮುಂದೆ ನಮ್ಮ ಹಿರಿಯರು ಮೊಣಕಾಲೂರಿದರು, ನಾವೂ ಊರುತ್ತಿದ್ದೇವೆ. ಯೇಸುಸ್ವಾಮಿ ನಮ್ಮನ್ನು ವಿಮೋಚಿಸಿದರೆಂದು ಸಾರುತ್ತೇವೆ. ಆದರೆ ಯಾವುದರಿಂದ ವಿಮೋಚನೆ? ಯಾವ ಬೆಲೆಗೆ? ಇಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ವಿಮೋಚನೆಯೆಂಬುದು ಮೂಲತಃ ಗುಲಾಮರಿಗೂ ಸಾಲಗಾರರಿಗೂ ಸಂಬಂಧಿಸಿದ ಮಾತು. ಬಡತನದಿಂದ ತನ್ನನ್ನೇ ಮಾರಿಕೊಂಡ ಇಸ್ರಯೇಲನನ್ನು ಅವನ ಹತ್ತಿರದ ಬಂಧುವು ಹಣ ತೆತ್ತು ಬಿಡಿಸಬಹುದೆಂದು ಯಾಜಕಕಾಂಡದ 25ನೆಯ ಅಧ್ಯಾಯ ಹೇಳುತ್ತದೆ. ಬಿಡಿಸಲು ಬರುವವನು ಪರಕೀಯನಲ್ಲ, ರಕ್ತಸಂಬಂಧಿ. ದೇವಸುತನು ಕನ್ಯಾಮರಿಯಮ್ಮನವರ ಉದರದಲ್ಲಿ ಮಾನವನಾದುದರ ಮರ್ಮವನ್ನು ಇದರಿಂದ ಅರಿಯಬಹುದು: ನಮ್ಮನ್ನು ಬಿಡಿಸಲು ಅವರು ನಮ್ಮ ಬಂಧುವಾದರು.

ಆ ಬೆಲೆಯನ್ನು ತೆತ್ತದ್ದು ಯಾರಿಗೆ? ಸೈತಾನನಿಗೆಂದು ಕೆಲವರು ಊಹಿಸಿದ್ದುಂಟು. ನಾಲ್ಕನೆಯ ಶತಮಾನದಲ್ಲಿಯೇ ನಜಿಯಾಂಜಿನ ಸಂತ ಗ್ರೆಗೋರಿಯವರು ಆ ವಾದವನ್ನು ತಳ್ಳಿಹಾಕಿದರು. ತಂದೆಯಾದ ದೇವರು ರಕ್ತಕ್ಕಾಗಿ ಹಸಿದವರೂ ಅಲ್ಲ. ಲೋಕವನ್ನು ಪ್ರೀತಿಸಿ ಮಗನನ್ನೇ ಕೊಟ್ಟವರು ಅವರೇ. ಬೆಲೆಯೆಂದರೆ ಆ ಪ್ರೀತಿ ತೆತ್ತ ವೆಚ್ಚ. ಆದಾಮನ ಅವಿಧೇಯತೆಗೆ ಪ್ರತಿಯಾಗಿ ಮರಣಪರ್ಯಂತದ ವಿಧೇಯತೆ. ನಮ್ಮ ಸಾಲಪತ್ರವೇ ಶಿಲುಬೆಗೆ ಜಡಿಯಲ್ಪಟ್ಟು ರದ್ದಾಯಿತೆಂದು ಸಂತ ಪೌಲರು ಕೊಲೊಸ್ಸೆಯ ಕ್ರೈಸ್ತರಿಗೆ ತಿಳಿಸಿದರು.

ಸಾಲಪತ್ರದ ಮಾತು ನಮ್ಮ ನಾಡಿಗೆ ಹೊಸದಲ್ಲ. ತಂದೆ ಪಡೆದ ಅಲ್ಪ ಸಾಲಕ್ಕೆ ಮಗನೂ ಮೊಮ್ಮಗನೂ ಜೀತಕ್ಕಿದ್ದುದನ್ನು ಈ ನೆಲ ಕಂಡಿದೆ. 1976ರ ಕಾಯಿದೆ ಜೀತಪದ್ಧತಿಯನ್ನು ತೊಡೆದು ಆ ಸಾಲಗಳನ್ನೂ ಅಳಿಸಿತು. ಆದರೂ ಬಿಡುಗಡೆಯ ಸುದ್ದಿ ತಿಳಿಯದೆ, ತಿಳಿದರೂ ನಂಬದೆ, ಒಡೆಯನ ಕೊಟ್ಟಿಗೆಯಲ್ಲಿಯೇ ಉಳಿದವರುಂಟು. ಪಾಪದ ವಿಷಯದಲ್ಲಿ ನಮ್ಮ ಸ್ಥಿತಿಯೂ ಅದೇ ಅಲ್ಲವೇ? ಜ್ಞಾನಸ್ನಾನದಲ್ಲಿ ಬಿಡುಗಡೆ ನಮ್ಮದಾಗಿದೆ. ಪಾಪನಿವೇದನೆಯ ಬಾಗಿಲು ತೆರೆದಿದೆ. ಆದರೂ ಹಳೆಯ ಒಡೆಯನ ಹೊಸ್ತಿಲನ್ನು ಬಿಡಲೊಲ್ಲೆವು.

ಇನ್ನೂ ಕಠಿಣವಾದ ಮಾತೊಂದಿದೆ. ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ, 10,000 ತಲಾಂತುಗಳ ಸಾಲ ಮನ್ನಾ ಆದ ಸೇವಕನು 100 ದಿನಾರಿಗಳಿಗಾಗಿ ಜೊತೆಗಾರನ ಕೊರಳು ಹಿಡಿದನು. ದಿನಾರಿಯೆಂದರೆ ಒಂದು ದಿನದ ಕೂಲಿ. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿಯೂ ನೆರೆಯವನೊಡನೆ ಮಾತುಬಿಟ್ಟವರು, ಆಸ್ತಿಯ ಭಾಗಕ್ಕಾಗಿ ಒಡಹುಟ್ಟಿದವರನ್ನು ದೂರವಿಟ್ಟವರು, ಆಳಿನ ಕೂಲಿಯನ್ನು ತಡೆಹಿಡಿದವರು ನಮ್ಮಲ್ಲಿ ಇಲ್ಲವೇ?

ಗೋಪುರಕ್ಕೆ ಸುಣ್ಣ ಬಳಿದು ಶತಮಾನೋತ್ಸವ ಆಚರಿಸುವುದು ಸುಲಭ. ಉತ್ಸವದ ಬಲಿಪೂಜೆಗೆ ಬರುವ ಮುನ್ನ, ನಮ್ಮ ಕೈಯಲ್ಲಿರುವ ಒಂದೊಂದು ಸಾಲಪತ್ರವನ್ನಾದರೂ ಹರಿದುಹಾಕೋಣ. ವಿಮೋಚಿತರ ಗುರುತು ಅದೇ. ಅದಕ್ಕೆ ಬೇಕಾದ ಬಲವನ್ನು ವಿಮೋಚಕರಾದ ಪ್ರಭು ನಮಗೆ ಅನುಗ್ರಹಿಸಲಿ. ಆಮೆನ್.